ಫಾರೆಸ್ಟ್ ಪಾರ್ಕಿನ ಕಲಾ ಸಂಗ್ರಹಾಲಯಕ್ಕೆ ಹಿರಿಯರನ್ನು ಕರೆದೊಯ್ಯುವಾಗ

ಊರಿನಿಂದ ಬಂದಿರುವ ತಂದೆತಾಯಿಯವರಿಗೆ ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ, ಫಾರೆಸ್ಟ್ ಪಾರ್ಕ್ ಎಂಬ ಉದ್ಯಾನದೊಳಗಿರುವ ಕಲಾ ಸಂಗ್ರಹಾಲಯವನ್ನು ತೋರಿಸಬೇಕೆಂದಿದ್ದೀರಿ. ತಂದೆಯವರಿಗೆ ಮಂಡಿನೋವು, ಇಬ್ಬರಿಗೂ ಚಿತ್ರಕಲೆಯ ಪರಿಚಯ ಅಷ್ಟಾಗಿ ಇಲ್ಲ, ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವುದು ಹೇಗೆ ಎಂದು ಕೇಳಿದ್ದೀರಿ. ನನ್ನ ತಾಯಿ ಮತ್ತು ಅತ್ತೆಯವರನ್ನು ಕರೆದೊಯ್ದ ಅನುಭವದಿಂದ ಹೇಳುವುದಾದರೆ, ಮುಗಿಸುವ ಆಲೋಚನೆಯನ್ನೇ ಬಿಟ್ಟುಬಿಡಿ. ಅಲ್ಲಿ ಪ್ರವೇಶ ಶುಲ್ಕವಿಲ್ಲ. ನಗರ ಮತ್ತು ಪಕ್ಕದ ಕೌಂಟಿಯ (ಜಿಲ್ಲೆಯ) ನಿವಾಸಿಗಳು ಕಟ್ಟುವ ಆಸ್ತಿ ತೆರಿಗೆಯ ಒಂದು ಪಾಲು ಆ ಸಂಸ್ಥೆಗೆ ಹೋಗುತ್ತದೆ. ಟಿಕೆಟ್ಟಿನ ದುಡ್ಡು ದಂಡವಾಗಬಾರದೆಂದು ಹಿರಿಯರು ಕಾಲು ಎಳೆದುಕೊಂಡು ಸುತ್ತುವ ಪ್ರಮೇಯವೇ ಇಲ್ಲದಿರುವುದರಿಂದ, ಒಂದೂವರೆ ಗಂಟೆ ನೋಡಿ ಬಂದು, ಮುಂದಿನ ವಾರ ಮತ್ತೆ ಹೋಗುವುದು ಎಷ್ಟೋ ಮೇಲು.

ಗುಡ್ಡದ ನೆತ್ತಿಯಲ್ಲಿ, ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಸನ ಕುದುರೆ ಸವಾರಿಯ ಪ್ರತಿಮೆಯ ಹಿಂದೆ ಕಾಣುವ ಕಲ್ಲಿನ ಕಟ್ಟಡವನ್ನು 1904ರ ವಿಶ್ವ ಮೇಳಕ್ಕಾಗಿ ಕಾಸ್ ಗಿಲ್ಬರ್ಟ್ ವಿನ್ಯಾಸಗೊಳಿಸಿದರು. ಮೇಳದ ಇತರ ಮಹಲುಗಳನ್ನು ತಾತ್ಕಾಲಿಕವಾಗಿ ಕಟ್ಟಿ ಆಮೇಲೆ ಕೆಡವಲಾಯಿತು. ಕಲಾಕೃತಿಗಳನ್ನು ಬೆಂಕಿಯಿಂದ ಕಾಪಾಡಬೇಕಿದ್ದುದರಿಂದ ಇದನ್ನು ಮಾತ್ರ ಉಳಿಯುವಂತೆ ಕಟ್ಟಿದರು. ಅದರ ಮುಂದಿನ ಮೆಟ್ಟಿಲುಗಳು ಮಂಡಿನೋವಿನವರಿಗಲ್ಲ. ಡೇವಿಡ್ ಚಿಪ್ಪರ್‌ಫೀಲ್ಡ್ ವಿನ್ಯಾಸದಲ್ಲಿ 2013ರಲ್ಲಿ ತೆರೆದ ಪೂರ್ವ ಕಟ್ಟಡದ ಕಡೆಯಿಂದ ಒಳಹೋದರೆ ಆ ಮೆಟ್ಟಿಲುಗಳನ್ನು ಹತ್ತಬೇಕಿಲ್ಲ. ಅದರ ಕೆಳಗೆಯೇ ಕಾರು ನಿಲ್ಲಿಸಬಹುದು, ಆದರೆ ಅದಕ್ಕೆ ಹಣ ಕೊಡಬೇಕು.

ಇನ್ನು ಏನನ್ನು ನೋಡಬೇಕು ಎಂಬುದು. ಕಲಾವಿದರ ಹೆಸರು, ಪಂಥಗಳ ವಿವರಣೆಯಿಂದ ಆರಂಭಿಸಬೇಡಿ. ಜಾರ್ಜ್ ಕೇಲೆಬ್ ಬಿಂಗಮ್ 1852ರಲ್ಲಿ ಬರೆದ ಮಿಸೌರಿಯ ಚುನಾವಣೆಯ ಚಿತ್ರದ ಮುಂದೆ ಅವರನ್ನು ನಿಲ್ಲಿಸಿ. ಮತದಾರನೊಬ್ಬ ಮೆಟ್ಟಿಲ ಮೇಲೆ ನಿಂತು ಪ್ರಮಾಣ ಮಾಡುತ್ತಿದ್ದಾನೆ, ಏಕೆಂದರೆ ಆಗ ಮತವನ್ನು ಎಲ್ಲರ ಎದುರಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಕುಡಿದು ತೂರಾಡುವವನನ್ನು ಇನ್ನೊಬ್ಬ ಹಿಡಿದು ತರುತ್ತಿದ್ದಾನೆ. ಎಡಗಡೆ ಪಾನೀಯ ಹಂಚುತ್ತಿರುವ ಕರಿಯ ವ್ಯಕ್ತಿಗೆ ಮತವೇ ಇಲ್ಲ, ಹೆಂಗಸರಂತೂ ಅಲ್ಲಿಲ್ಲ. ಪಂಚಾಯಿತಿ ಚುನಾವಣೆಯನ್ನು ಕಂಡ ನಮ್ಮ ಹಿರಿಯರಿಗೆ ಈ ಚಿತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾನ್ಸ್ ಹೋಲ್ಬೈನ್ 1527ರಲ್ಲಿ ಚಿತ್ರಿಸಿದ ಲೇಡಿ ಗಿಲ್ಡ್‌ಫರ್ಡ್ ಎದುರು ನನ್ನ ತಾಯಿ ಬಹಳ ಹೊತ್ತು ನಿಂತರು; ಎದೆಯ ಮೇಲಿನ ಚಿನ್ನದ ಸರಗಳ ಎಳೆಗಳನ್ನು ಎಣಿಸಿ, ರವಿಕೆಗೆ ಸಿಕ್ಕಿಸಿಕೊಂಡ ಹಸಿರು ಕಡ್ಡಿಯನ್ನು ನನಗಿಂತ ಮೊದಲು ಗುರುತಿಸಿದರು. ಜರ್ಮನಿಯನ್ನು ತೊರೆದು ಬಂದು ಈ ಊರಿನಲ್ಲಿ ಪಾಠ ಹೇಳಿದ ಮ್ಯಾಕ್ಸ್ ಬೆಕ್‌ಮನ್ ಅವರ ಚಿತ್ರಗಳು ಇಲ್ಲಿರುವಷ್ಟು ಬೇರೆಲ್ಲೂ ಇಲ್ಲ, ನನಗೆ ಬಹಳ ಪ್ರಿಯವಾದವು. ಆದರೆ ಅವುಗಳನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳಿ. ಚಿತ್ರಗಳ ಜಾಗ ಬದಲಾಗುತ್ತಿರುವುದರಿಂದ, ನಿಮಗೆ ಬೇಕಾದುದು ಯಾವ ಕೋಣೆಯಲ್ಲಿದೆ ಎಂದು ಒಳಗೆ ಹೋಗುತ್ತಿದ್ದಂತೆಯೇ ವಿಚಾರಿಸಿ.

ಸೋಮವಾರ ರಜೆ. ಶುಕ್ರವಾರ ಸಂಜೆ ತಡವಾಗಿ ಮುಚ್ಚುವುದರಿಂದ ಕೆಲಸ ಮುಗಿಸಿಯೂ ಹೋಗಬಹುದು. ಅದೇ ಉದ್ಯಾನದಲ್ಲಿರುವ ಮೃಗಾಲಯಕ್ಕೂ ಪ್ರವೇಶ ಉಚಿತವೆಂದು ಕೆಲವರು ಎರಡನ್ನೂ ಒಂದೇ ದಿನ ಸೇರಿಸಲು ಹೇಳಿದ್ದಾರೆ. ಮೃಗಾಲಯದಲ್ಲಿ ನಡೆದು ದಣಿದವರಿಗೆ ಚಿತ್ರದ ಮುಂದೆ ನಿಲ್ಲುವ ತಾಳ್ಮೆ ಉಳಿಯುವುದಿಲ್ಲ, ಅದಕ್ಕೆ ಬೇರೆ ದಿನವನ್ನೇ ಇಟ್ಟುಕೊಳ್ಳಿ.