ಕಮ್ಮಿಂಗ್‌ನಲ್ಲಿ ಮನೆ ಹುಡುಕುತ್ತಿರುವವರಿಗೆ

ಕಮ್ಮಿಂಗ್ ಕಡೆ ಮನೆ ನೋಡ್ತಿದ್ದೀವಿ, ಶಾಲೆ ಹೇಗೆ ಅಂತ ಆಗಾಗ ಯಾರಾದರೂ ಕೇಳ್ತಾನೇ ಇರ್ತಾರೆ. ಶಾಲೆ ಚೆನ್ನಾಗಿದೆ, ಅದನ್ನ ಎಲ್ಲರೂ ಹೇಳ್ತಾರೆ. ನಾನು ಊರಿನ ವಿಷಯ ಹೇಳ್ತೀನಿ.

ಅಮೆರಿಕದ ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಕಮ್ಮಿಂಗ್ ಮುಖ್ಯ ಊರು. ಕೋರ್ಟು, ಕಚೇರಿ ಎಲ್ಲ ಅಲ್ಲೇ. ನಾವೆಲ್ಲ ವಿಳಾಸದಲ್ಲಿ ಕಮ್ಮಿಂಗ್ ಅಂತ ಬರೆದರೂ ಪಟ್ಟಣದ ಗಡಿಯೊಳಗೆ 2020ರಲ್ಲಿ ಇದ್ದದ್ದು ಸುಮಾರು 7,300 ಜನ. ಇಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ನೆಲವನ್ನ 1832ರಲ್ಲಿ ಲಾಟರಿ ಎತ್ತಿ ಬಿಳಿಯರಿಗೆ ಹಂಚಿದರು, 1834ರಲ್ಲಿ ಊರಾಯ್ತು. ಭಾನುವಾರ ಮಕ್ಕಳ ಜೊತೆ ಹತ್ತೋ ಸಾನಿ ಬೆಟ್ಟಕ್ಕೆ ಇರೋದು ಒಬ್ಬ ಚೆರೋಕಿಯ ಹೆಸರು.

1912ರ ಸೆಪ್ಟೆಂಬರ್‌ನಲ್ಲಿ ಒಬ್ಬ ಬಿಳಿಯ ಹುಡುಗಿಯ ಮೇಲೆ ಹಲ್ಲೆಯಾಯ್ತು. ಆ ಆರೋಪ ಹೊತ್ತ ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಯುವಕನನ್ನ ಬಿಳಿಯರ ಗುಂಪೊಂದು ಇಲ್ಲಿನ ಜೈಲಿನಿಂದ ಎಳೆದು ಕೊಂದು ಚೌಕದ ಕಂಬಕ್ಕೆ ನೇತುಹಾಕಿತು. ಅಕ್ಟೋಬರ್‌ನಲ್ಲಿ ಅದೇ ಪ್ರಕರಣದಲ್ಲಿ ಇನ್ನಿಬ್ಬರು ಹದಿಹರೆಯದ ಕಪ್ಪು ಹುಡುಗರಿಗೆ ಕೋರ್ಟೇ ಗಲ್ಲು ಕೊಟ್ಟಿತು. ಆಮೇಲೆ ರಾತ್ರಿ ಹೊತ್ತು ಬೆಂಕಿ, ಗುಂಡು, ಬೆದರಿಕೆ. 1910ರ ಜನಗಣತಿಯಲ್ಲಿ ಕೌಂಟಿಯಲ್ಲಿದ್ದ 1,098 ಕಪ್ಪು ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾಯ್ತು. ಹತ್ತಿರ ಹತ್ತಿರ ಮುಕ್ಕಾಲು ಶತಮಾನ ಈ ಕೌಂಟಿ ಬಿಳಿಯರದ್ದಾಗಿಯೇ ಉಳೀತು.

1987ರ ಜನವರಿ 17ರಂದು ಕಪ್ಪು ಜನರ ಹಕ್ಕುಗಳ ಹೋರಾಟಗಾರ ಹೊಸಿಯಾ ವಿಲಿಯಮ್ಸ್ ಜನಾಂಗಭೇದದ ವಿರುದ್ಧ ಮೆರವಣಿಗೆ ತಂದಾಗ ಕಲ್ಲು, ಬಾಟಲಿ ಬಿದ್ದವು. ಮುಂದಿನ ಶನಿವಾರ ಸುಮಾರು 20,000 ಜನ ನಡೆದು ಬಂದರು. ನಮ್ಮಲ್ಲಿ ಹಲವರು ಹುಟ್ಟಿದ ಮೇಲಿನ ಮಾತಿದು!

1980ರಲ್ಲಿ ಸುಮಾರು 28,000 ಇದ್ದ ಕೌಂಟಿಯಲ್ಲಿ 2020ಕ್ಕೆ 2,51,283 ಜನ. ಆರರಲ್ಲಿ ಒಬ್ಬರಿಗಿಂತ ಹೆಚ್ಚು ಏಷ್ಯಾ ಮೂಲದವರು, ಅವರಲ್ಲಿ ನಾವೂ ಇದ್ದೀವಿ. ಕೋಳಿ ಸಾಕಣೆಯ ಕಾಲ ಕಂಡ ಹಿರಿಯರು ಇನ್ನೂ ಸಿಗ್ತಾರೆ, ಕೈ ಎತ್ತಿ ಮಾತಾಡಿಸ್ತಾರೆ. ಜುಲೈ 4ರ ಹಳೇ ಸ್ಟೀಮ್ ಇಂಜಿನ್, ಟ್ರ್ಯಾಕ್ಟರ್ ಮೆರವಣಿಗೆ ನನ್ನ ಮಕ್ಕಳಿಗೆ ನಮ್ಮೂರ ತೇರಿನಷ್ಟೇ ಸಂಭ್ರಮ. ಈ ಊರು ನನಗೆ ಇಷ್ಟ. ಇಷ್ಟ ಆಗಿರೋದಕ್ಕೇ ಅದರ ಪೂರ್ತಿ ಕಥೆ ಮಕ್ಕಳಿಗೆ ಗೊತ್ತಿರಬೇಕು ಅಂತೀನಿ. ಸುರಕ್ಷಿತ ಜಾಗ ಅಂತಷ್ಟೇ ಹೇಳಿ ಬೆಳೆಸಿದರೆ, ಯಾರಿಗೆ, ಯಾವಾಗಿಂದ ಅನ್ನೋದೇ ಬಿಟ್ಟುಹೋಗುತ್ತೆ.

ಪೇಟೆಯಲ್ಲಿ 2021ರಲ್ಲಿ ರಾಬ್ ಎಡ್ವರ್ಡ್ಸ್ ಕೊಲೆಯ ಸ್ಮಾರಕ ಫಲಕ ನಿಲ್ಲಿಸಿದ್ದಾರೆ. ಮಗಳಿಗೆ ಹನ್ನೊಂದಾದಾಗ ಅಲ್ಲಿ ನಿಂತು ಓದಿಸಿದೆ. "ಊರು ಬಿಟ್ಟವರ ಮನೆ, ಹೊಲ ಏನಾಯ್ತಪ್ಪಾ?" ಅಂದಳು. ಕೆಲವರು ಸಿಕ್ಕಷ್ಟಕ್ಕೆ ಮಾರಿದರು, ಕೆಲವರದ್ದನ್ನ ಬೇರೆಯವರು ಸುಮ್ಮನೆ ತಮ್ಮದು ಮಾಡಿಕೊಂಡರು ಅಂದೆ. ಮನೆಗೆ ಬರೋವರೆಗೂ ಕಿಟಕಿಯಿಂದ ಎರಡೂ ಕಡೆಯ ಬಡಾವಣೆಗಳನ್ನ ನೋಡ್ತಾ ಕೂತಿದ್ದಳು.