ಪದಚರ್ಚೆ: ಮಸೂರದ ‘ದೋಷ’ವೋ ‘ವಿಪಥನ’ವೋ?

ಪ್ರಶ್ನೆ: ಮಸೂರಗಳ ವಿನ್ಯಾಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಅಬೆರೇಶನ್‌ಗೆ (ಕಿರಣಗಳೆಲ್ಲ ಒಂದೇ ಬಿಂದುವಿನಲ್ಲಿ ಸೇರದೆ ಆಚೀಚೆ ಸರಿಯುವುದಕ್ಕೆ) ಕೆಲವೆಡೆ ‘ವರ್ಣದೋಷ’, ‘ಗೋಳೀಯ ದೋಷ’ ಎಂದಿದೆ, ಕೆಲವೆಡೆ ‘ವಿಪಥನ’ ಎಂದಿದೆ. ‘ದೋಷ’ ಅಂದರೆ ಓದುಗರಿಗೆ ತಟ್ಟನೆ ಅರ್ಥವಾಗುತ್ತದೆ. ಅದನ್ನೇ ಉಳಿಸಿಕೊಳ್ಳಬಹುದೇ?

ಉತ್ತರ: ದಯವಿಟ್ಟು ಬೇಡ. ಗಾಜಿನ ಕೆಲಸದಲ್ಲಿ ‘ದೋಷ’ಕ್ಕೆ ಬೇರೆಯೇ ಜಾಗವಿದೆ. ಮೈಮೇಲಿನ ಗೀರು, ಗಾಜಿನೊಳಗಿನ ಗುಳ್ಳೆ, ಅಂಚಿನಲ್ಲಿ ಚಕ್ಕೆ ಎದ್ದಿರುವುದು ಇವೆಲ್ಲ ದೋಷಗಳು. ತಯಾರಿಕೆಯಲ್ಲಿ ನುಸುಳುವಂಥವು. ನಕ್ಷೆಯಲ್ಲೇ ಇವಕ್ಕೆ ಮಿತಿ ಬರೆದಿರುತ್ತಾರೆ. ‘ಗೀರು-ಗುಳಿ 60-40’ ಎಂದಿದ್ದರೆ ಆ 40ರ ಅರ್ಥ, 0.4 ಮಿ.ಮೀ. ಅಡ್ಡಳತೆಯ ಗುಳಿಯವರೆಗೆ ಒಪ್ಪಿಗೆ ಎಂದು.

ವಿಪಥನ ಹಾಗಲ್ಲ. ಎಳ್ಳಷ್ಟೂ ಊನವಿಲ್ಲದಂತೆ ಉಜ್ಜಿದ ಗೋಳಮೈಯಲ್ಲೂ ಅದು ಇದ್ದೇ ಇರುತ್ತದೆ. ಒಂದು ಮೈ ಸಪಾಟು, ಇನ್ನೊಂದು ಉಬ್ಬು ಇರುವ ಮಸೂರ ತೆಗೆದುಕೊಳ್ಳಿ. ಸಮಾಂತರ ಕಿರಣಗಳಿಗೆ ಸಪಾಟು ಮೈ ಒಡ್ಡಿದರೆ ಬಾಗಿಸುವ ಕೆಲಸವೆಲ್ಲ ಉಬ್ಬು ಮೈಯೊಂದರ ಮೇಲೇ ಬೀಳುತ್ತದೆ. ಅಂಚಿನ ಕಿರಣಗಳು ಅತಿಯಾಗಿ ಬಾಗಿ, ನಡುವಿನವಕ್ಕಿಂತ ಮೊದಲೇ ಅಕ್ಷ ಮುಟ್ಟುತ್ತವೆ. ಇದೇ ಗೋಳೀಯ ವಿಪಥನ. ಅದನ್ನೇ ತಿರುವಿ ಉಬ್ಬು ಮೈ ಒಡ್ಡಿ. ಕೆಲಸ ಎರಡೂ ಮೈಗಳಿಗೆ ಹಂಚಿಹೋಗಿ, ವಕ್ರೀಭವನ ಸೂಚ್ಯಂಕ 1.5 ಇರುವ ಗಾಜಿನಲ್ಲಿ ಗೋಳೀಯ ವಿಪಥನ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಗಾಜು ಅದೇ, ಮೈಗಳೂ ಅವೇ. ತಿರುವಿದ ಮಾತ್ರಕ್ಕೆ ಗೀರು ಅಳಿಯುವುದುಂಟೇ?

ಬಣ್ಣದ ಲೆಕ್ಕವೂ ಹೀಗೇ. 100 ಮಿ.ಮೀ. ಸಂಗಮದೂರದ, ಬಿಕೆ7 ಗಾಜಿನ ಒಂಟಿ ಮಸೂರದಲ್ಲಿ ನೀಲಿ (486 ನ್ಯಾ.ಮೀ.) ಮತ್ತು ಕೆಂಪು (656 ನ್ಯಾ.ಮೀ.) ಸೇರುವ ಬಿಂದುಗಳ ನಡುವೆ ಸುಮಾರು 1.56 ಮಿ.ಮೀ. ಅಂತರ ಉಳಿಯುತ್ತದೆ. ಸಂಗಮದೂರವನ್ನು ಆ ಗಾಜಿನ ಅಬ್ಬೆ ಸಂಖ್ಯೆ (ಗಾಜು ಬಣ್ಣಗಳನ್ನು ಬೇರ್ಪಡಿಸುವುದು ಕಡಿಮೆಯಿದ್ದಷ್ಟೂ ಹೆಚ್ಚುವ ಅಳತೆ) 64.17ರಿಂದ ಭಾಗಿಸಿದರೆ ಇದು ಸಿಗುತ್ತದೆ. ಎಷ್ಟು ನಯವಾಗಿ ಉಜ್ಜಿದರೂ ಕುಗ್ಗುವಂಥದ್ದಲ್ಲ, ವಿನ್ಯಾಸವನ್ನೇ ಬದಲಿಸಬೇಕು. 43.3 ಮಿ.ಮೀ. ಸಂಗಮದೂರದ ಬಿಕೆ7 ಪೀನ ಮಸೂರಕ್ಕೆ, ಅಬ್ಬೆ ಸಂಖ್ಯೆ 36.37 ಇರುವ ಎಫ್2 ಗಾಜಿನ −76.4 ಮಿ.ಮೀ. ನಿಮ್ನ ಮಸೂರ ಜೋಡಿಸಿದರೆ ಒಟ್ಟು ಸಂಗಮದೂರ 100 ಆಗಿಯೇ ಉಳಿದು ನೀಲಿ, ಕೆಂಪು ಒಂದೆಡೆ ಕೂಡುತ್ತವೆ. ಇದನ್ನು ‘ದೋಷ ನಿವಾರಣೆ’ ಎಂದು ಬರೆದರೆ ಮೊದಲ ಮಸೂರ ಕೆಟ್ಟಿತ್ತೆಂದು ಓದುಗರು ತಿಳಿಯುತ್ತಾರೆ. ಒಂದನ್ನು ಇನ್ನೊಂದು ತೂಗಿಸುವುದರಿಂದ ‘ವಿಪಥನ ಸರಿದೂಗಿಸುವುದು’ ಎನ್ನಿ.

ಎರಡೂ ಪದ ಬೇಕೇ ಬೇಕಾಗುವ ಪ್ರಸಂಗ ಹಬಲ್ ದೂರದರ್ಶಕದ್ದು. ಅದನ್ನು ಹಾರಿಸಿದ್ದು 1990ರಲ್ಲಿ. ಕನ್ನಡಿಯ ಆಕಾರ ಅಳೆಯುವ ಸಾಧನದೊಳಗಿನ ಮಸೂರವೊಂದು 1.3 ಮಿ.ಮೀ. ಸರಿದು ಕೂತಿದ್ದರಿಂದ, 2.4 ಮೀಟರ್ ಕನ್ನಡಿಯ ಅಂಚನ್ನು ಸುಮಾರು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿ ಉಜ್ಜಿಬಿಟ್ಟಿದ್ದರು. ತಯಾರಿಕೆಯ ದೋಷದಿಂದ ಗೋಳೀಯ ವಿಪಥನ ಹುಟ್ಟಿ ಚಿತ್ರ ಮಸುಕಾಯಿತು. ‘ದೋಷ’ವೊಂದನ್ನೇ ಇಟ್ಟುಕೊಂಡರೆ ‘ದೋಷದಿಂದ ದೋಷ ಹುಟ್ಟಿತು’ ಎಂದು ಬರೆಯಬೇಕಾಗುತ್ತದೆ!

ಮರುಪ್ರಶ್ನೆ: ‘ವಿಪಥನ’ ಭಾರವಾಯಿತು. ‘ಚದುರಿಕೆ’ ಆಗದೇ?

ಉತ್ತರ: ಆ ಪದ ಆಗಲೇ ಬಳಕೆಯಲ್ಲಿದೆ. ಧೂಳು, ಮಂಜಿನ ಕಣಗಳಿಗೆ ತಾಗಿ ಬೆಳಕು ದಿಕ್ಕುದಿಕ್ಕಿಗೆ ಹೋಗುವುದಕ್ಕೆ ಪಠ್ಯಗಳಲ್ಲಿ ‘ಚದುರಿಕೆ’ ಎನ್ನುತ್ತಾರೆ. ವಿಪಥನ ಎಂದರೆ ಸೇರಬೇಕಾದ ದಾರಿ ಬಿಟ್ಟು ಸರಿಯುವುದು. ಕಿರಣ ಮಾಡುವುದೂ ಅದನ್ನೇ. ಮೊದಲ ಸಲ ಬಂದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು. ‘ದೃಷ್ಟಿದೋಷ’ವನ್ನು ಮಾತ್ರ ಮುಟ್ಟಬೇಡಿ, ಕಣ್ಣಿನ ವಿಷಯದಲ್ಲಿ ಆ ಮಾತು ಬೇರೂರಿದೆ.