ಸಹಾಯ ಬೇಕು: ದಾಖಲೆಯಲ್ಲಿಲ್ಲದ ಬಾಕ್ಸಿಂಗ್ ಪಂದ್ಯಗಳನ್ನು ಖಚಿತಪಡಿಸಿಕೊಳ್ಳೋದು ಹೇಗೆ?

ಬ್ರಿಟನ್ನಿನ ಹಳೇ ಬಾಕ್ಸರ್ ಒಬ್ಬರ ಆತ್ಮಕಥೆ ಇಟ್ಕೊಂಡು ಅವರ ಪಂದ್ಯಗಳ ಪಟ್ಟಿ ಮಾಡ್ತಿದ್ದೀನಿ. 1930ರ ದಶಕದಲ್ಲಿ ಆಡಿದೆ ಅಂತ ಅವರು ಬರೆದಿರೋ ಎಷ್ಟೋ ಪಂದ್ಯಗಳು ಬಾಕ್ಸಿಂಗ್ ದಾಖಲೆಗಳ ವೆಬ್‌ಸೈಟ್ ಆದ ಬಾಕ್ಸ್‌ರೆಕ್‌ನಲ್ಲಿ ಇಲ್ಲವೇ ಇಲ್ಲ. ಆಗಿನ 'ಬಾಕ್ಸಿಂಗ್' ವಾರಪತ್ರಿಕೆ, ಆಯಾ ಊರಿನ ದಿನಪತ್ರಿಕೆ ಎರಡನ್ನೂ ನೋಡಿಯಾಯ್ತು. ಕೆಲವು ಸಿಕ್ಕವು, ಆದ್ರೆ ಪುಸ್ತಕದಲ್ಲಿ ನಾಕೌಟ್ ಗೆಲುವು ಅಂತಿರೋದು ಪತ್ರಿಕೆಯಲ್ಲಿ ಪಾಯಿಂಟ್ಸ್ ಮೇಲೆ ಸೋಲು! ಅದು ಹೋಗ್ಲಿ ಬಿಡಿ.

ತೊಡಕಿರೋದು ಉಳಿದವುಗಳಲ್ಲಿ. ಅವು ಜಾತ್ರೆ ಡೇರೆಗಳಲ್ಲಿ ಸವಾಲು ಹಾಕಿ ಆಡಿಸ್ತಿದ್ದ ಪಂದ್ಯಗಳು ಅಂತ ನನ್ನ ಅನುಮಾನ. ಅವನ್ನು ಸಾಮಾನ್ಯವಾಗಿ ಬಾಕ್ಸರ್‌ನ ದಾಖಲೆಗೆ ಸೇರಿಸ್ತಿರಲಿಲ್ಲ. ಎದುರಾಳಿಗಳದ್ದು ಬರೀ ರಿಂಗ್ ಹೆಸರು (ಆಡೋಕೆ ಅಂತ ಇಟ್ಕೊಂಡ ಹೆಸರು), ಅದೂ ಒಂದೇ ಹೆಸರಲ್ಲಿ ಇಬ್ಬರು ಮೂವರು.

ಇಂಥ ಡೇರೆ ಪಂದ್ಯಗಳ ವಿವರ ಜಾತ್ರೆ ಪ್ರದರ್ಶನ ನಡೆಸೋರ 'ವರ್ಲ್ಡ್ಸ್ ಫೇರ್' ಪತ್ರಿಕೆಯಲ್ಲಿ ಸಿಗುತ್ತಾ, ಇಲ್ಲಾ ಶೆಫೀಲ್ಡ್ ವಿಶ್ವವಿದ್ಯಾಲಯದ ಜಾತ್ರೆ ಸಂಗ್ರಹದಲ್ಲಿ ಹುಡುಕಬೇಕಾ? ಯಾವುದರಿಂದ ಶುರು ಮಾಡ್ಲಿ?